ಐದು ಕುರಿಗೆ ಜ್ವರ ಬಂದರೆ ಯಾರಿಗೆ ಗೊತ್ತಾಗುತ್ತೆ?

(ವಿಜ್ಞಾನ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿನ ಅನುಕೂಲಕ್ಕಾಗಿ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತು ಕಂಪ್ಯೂಟರ್ ವಿಜ್ಞಾನದ ಒಂದು ವಿಷಯ ಮಾತಾಡೋಣ ಅಂತಿದ್ದೀನಿ. ಗಾಬರಿ ಆಗ್ಬೇಡಿ, ಕಂಪ್ಯೂಟರ್ ಗೊತ್ತಿರಲೇಬೇಕು ಅಂತೇನಿಲ್ಲ. ಕೂಡೋದು, ಕಳೆಯೋದು ಬಂದ್ರೆ ಸಾಕು.

ವಿಷಯ ಏನಪ್ಪಾ ಅಂದ್ರೆ, ನೂರಾರು ಪುಟ್ಟ ಯಂತ್ರಗಳಿವೆ ಅಂದ್ಕೊಳ್ಳಿ. ಒಂದಕ್ಕೂ ಹೆಸರಿಲ್ಲ, ನಂಬರ್ ಇಲ್ಲ. ನೆನಪಿನ ಶಕ್ತಿ ಇಲ್ಲ ಅನ್ನೋಷ್ಟು ಕಡಿಮೆ. ಎಲ್ಲಿಗೆ ಹೋಗಬೇಕು ಅನ್ನೋದು ಕೂಡ ಅವುಗಳ ಕೈಯಲ್ಲಿಲ್ಲ, ಯಾರೋ ಹೊತ್ತುಕೊಂಡು ಹೋದ ಕಡೆ ಹೋಗ್ತವೆ. ಆಗಾಗ ಎರಡು ಯಂತ್ರ ಎದುರುಬದುರಾಗ್ತವೆ, ಅಷ್ಟೇ. ಇಂಥವೆಲ್ಲ ಸೇರಿ ಒಂದು ಲೆಕ್ಕ ಮಾಡಬಲ್ಲವಾ? ಮಾಡಿದ್ರೆ ಎಂಥ ಲೆಕ್ಕ? ಬಂದ ಉತ್ತರವನ್ನ ಎಷ್ಟರಮಟ್ಟಿಗೆ ನಂಬಬಹುದು?

ಈ ಪ್ರಶ್ನೆಗಳನ್ನ ನಾನು ಮೊದಲು ಓದಿ, ಆಮೇಲೆ ಕೆಲಸಕ್ಕೆ ಇಳಿದಿದ್ರೆ ಚೆನ್ನಾಗಿತ್ತು. ನಾನು ಮಾಡಿದ್ದು ಉಲ್ಟಾ. ಮೊದಲು ತಪ್ಪು ಮಾಡಿದೆ, ಆಮೇಲೆ ಓದಿದೆ. ಹಾಗಾಗಿ ತಪ್ಪಿನಿಂದಲೇ ಶುರು ಮಾಡ್ತೀನಿ.

ಹಸಿರು ತೋರಿಸಿದ ಫೋನು

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಕುರಿಗಳ ಕೊರಳಿಗೆ ಕಟ್ಟೋ ಪಟ್ಟಿ ಮಾಡ್ತಿದ್ವಿ. ಪಟ್ಟಿಯೊಳಗೆ ಮೈ ಬಿಸಿ ಅಳೆಯೋ ಸೆನ್ಸರ್, ಒಂದು ಸಿಮ್, ಒಂದು ಬ್ಯಾಟರಿ. ಕುರಿಗೆ ಜ್ವರ ಬಂದ್ರೆ ಕುರಿಗಾಹಿಯ ಫೋನಿಗೆ ಸುದ್ದಿ ಹೋಗಬೇಕು, ಇದು ನಮ್ಮ ಕನಸು. ಪರೀಕ್ಷೆಗೆ ಅಂತ ಚಳ್ಳಕೆರೆ ಕಡೆ ಒಬ್ಬ ಹಿರಿಯರ ಮಂದೆ ಸಿಕ್ಕಿತು. ಇನ್ನೂರು ಕುರಿ. ಅದರಲ್ಲಿ ನಲವತ್ತಕ್ಕೆ ಪಟ್ಟಿ ಕಟ್ಟಿದ್ವಿ.

ಪ್ರತಿ ಪಟ್ಟಿಗೂ ಒಂದೊಂದು ನಂಬರ್. ಹದಿನೈದು ನಿಮಿಷಕ್ಕೊಮ್ಮೆ ಪ್ರತಿಯೊಂದೂ ನೇರವಾಗಿ ನಮ್ಮ ಸರ್ವರ್‌ಗೆ ವರದಿ ಕಳಿಸಬೇಕು. ಎಷ್ಟು ಮಾಹಿತಿ ಬಂದ್ರೆ ಅಷ್ಟು ಒಳ್ಳೇದು ಅನ್ನೋ ಲೆಕ್ಕ ನಮ್ಮದು. ಕುರಿಗಾಹಿಯ ಫೋನಿನಲ್ಲಿ ಮಾತ್ರ ಸರಳವಾಗಿರಲಿ ಅಂತ ಒಂದು ದೊಡ್ಡ ಬಣ್ಣದ ಚುಕ್ಕೆ ಇಟ್ಟಿದ್ದೆ. ಐದು ಅಥವಾ ಅದಕ್ಕಿಂತ ಜಾಸ್ತಿ ಕುರಿಗೆ ಜ್ವರ ಅಂತ ಸುದ್ದಿ ಬಂದ್ರೆ ಕೆಂಪು, ಇಲ್ಲಾಂದ್ರೆ ಹಸಿರು. ಆ ಸಾಲು ಕೋಡ್ ಬರೆದಿದ್ದು ನಾನೇ. ಅದಕ್ಕೆ ಬೇರೆ ಯಾರನ್ನೂ ದೂರುವ ಹಾಗಿಲ್ಲ.

ಮಂದೆ ಮೇಯ್ತಾ ಮೇಯ್ತಾ ಟವರ್ ಸರಿಯಾಗಿ ಸಿಗದ ಕಡೆ ಹೋಯ್ತು. ಸಿಗ್ನಲ್ ಇಲ್ಲದ ಕಡೆ ಪಟ್ಟಿಗಳು ಟವರ್ ಹುಡುಕ್ತಾ ಹುಡುಕ್ತಾ ಬ್ಯಾಟರಿ ಖಾಲಿ ಮಾಡಿಕೊಂಡವು. ಒಂದು ವಾರದೊಳಗೆ ನಲವತ್ತರಲ್ಲಿ ಮಾತಾಡ್ತಾ ಇದ್ದದ್ದು ಒಂಬತ್ತು. ಆ ಒಂಬತ್ತರಲ್ಲಿ ಎರಡು ಜ್ವರ ಅಂತ ಹೇಳಿದವು. ಎರಡು ಅಂದ್ರೆ ಐದಕ್ಕಿಂತ ಕಡಿಮೆ ತಾನೇ? ಚುಕ್ಕೆ ಹಸಿರಾಗಿಯೇ ಇತ್ತು.

ಒಂದು ಸಾಯಂಕಾಲ ಹಿರಿಯರು ಫೋನ್ ಮಾಡಿದ್ರು. ‘ಸಾಮಿ, ನಾಕೈದು ಕುರಿ ಮೇವು ಮುಟ್ಟಂಗಿಲ್ಲ, ಬಾಯಾಗೆ ಜೊಲ್ಲು ಸುರೀತೈತೆ. ನಿಮ್ದು ಏನ್ ಹೇಳ್ತೈತೆ?’ ಅಂದ್ರು. ನಾನು ಬೆಂಗಳೂರಿನಲ್ಲಿ ಕೂತು ಪರದೆ ನೋಡಿ, ‘ಹಸಿರಿದೆ ಯಜಮಾನ್ರೇ, ಗಾಬರಿ ಆಗೋಂಥದ್ದೇನಿಲ್ಲ’ ಅಂದೆ. ‘ಹಂಗಾದ್ರೆ ನಾಳೆ ನಾಳಿದ್ದು ನೋಡಾನ ಬಿಡಿ’ ಅಂತ ಅವರು ಫೋನ್ ಇಟ್ಟರು.

ಎರಡು ದಿನ ಹೋಯ್ತು. ಪಶುವೈದ್ಯರು ಬಂದು ನೋಡಿ ನೀಲಿ ನಾಲಿಗೆ ರೋಗ ಅಂದ್ರು. ಹನ್ನೊಂದು ಕುರಿ ಸತ್ತವು. ಆ ರೋಗಕ್ಕೆ ಇದೇ ಮದ್ದು ಅಂತ ಒಂದಿಲ್ಲ, ಆದ್ರೆ ಮೊದಲ ದಿನವೇ ಬೇರೆ ಕಟ್ಟಿ, ನೆರಳು, ನೀರು, ಮೆತ್ತನೆ ಮೇವು ಕೊಟ್ಟು ಆರೈಕೆ ಮಾಡಿದ್ರೆ ಒಂದಷ್ಟಾದರೂ ಉಳಿಯುತ್ತಿದ್ದವೇನೋ. ಹಿರಿಯರು ನನ್ನನ್ನ ಬೈಯಲಿಲ್ಲ. ‘ನಿಮ್ ಫೋನಾಗೆ ಹಸಿರಿತ್ತು, ಅದ್ಕೆ ಸುಮ್ನಾದೆ’ ಅಂದ್ರು, ಅಷ್ಟೇ. ಆಮೇಲೆ ಆ ಯೋಜನೆಯೂ ನಿಂತಿತು, ಕಂಪನಿಯೂ ಮುಚ್ಚಿತು. ನಾನು ಪಾಠ ಮಾಡೋ ಕೆಲಸಕ್ಕೆ ಬಂದೆ.

ಹಕ್ಕಿಗಳ ಹಿಂಡು, ಅದೇ ಪ್ರಶ್ನೆ

ಕಾಲೇಜಿಗೆ ಬಂದ ಮೇಲೆ, ಒಂದು ಪಾಠದ ತಯಾರಿಗೆ ಅಂತ ಹಳೇ ಪ್ರಬಂಧಗಳನ್ನ ಓದ್ತಾ ಇದ್ದೆ. ಅದರಲ್ಲಿ ಒಂದು 2004ರದ್ದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಡೆಯಿಂದ ಬಂದದ್ದು. ಬರೆದವರು ಡೇನಾ ಆಂಗ್ಲುಯಿನ್, ಜೇಮ್ಸ್ ಆಸ್ಪ್ನೆಸ್, ಜೋಯಿ ಡಿಯಾಮಾಡಿ, ಮೈಕೆಲ್ ಫಿಶರ್, ರೆನೆ ಪೆರಾಲ್ಟಾ. ಆ ವರ್ಷ ಕೆನಡಾದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಅದನ್ನ ಮಂಡಿಸಿದ್ರು. ಅವರು ಕಟ್ಟಿದ ಮಾದರಿಗೆ ಪಾಪ್ಯುಲೇಷನ್ ಪ್ರೋಟೋಕಾಲ್ ಅನ್ನೋ ಹೆಸರು ನಿಂತಿದೆ. ಇದೇ ಕೆಲಸಕ್ಕೆ 2020ರಲ್ಲಿ ಡೈಕ್‌ಸ್ಟ್ರಾ ಪ್ರಶಸ್ತಿಯೂ ಬಂತು.

ಆ ಪ್ರಬಂಧ ಒಂದು ಉದಾಹರಣೆಯಿಂದ ಶುರುವಾಗುತ್ತೆ. ಒಂದು ಹಕ್ಕಿ ಹಿಂಡಿದೆ. ಪ್ರತಿ ಹಕ್ಕಿಗೂ ಮೈ ಬಿಸಿ ಅಳೆಯೋ ಒಂದು ಸೆನ್ಸರ್ ಕಟ್ಟಿದೆ. ಹಿಂಡಿನಲ್ಲಿ ಕನಿಷ್ಠ ಐದು ಹಕ್ಕಿಗೆ ಮೈ ಬಿಸಿಯಾಗಿದೆಯಾ, ಇಲ್ಲವಾ? ಇದು ಪ್ರಶ್ನೆ.

ಓದಿ ನಾನು ಹಾಗೇ ಕೂತುಬಿಟ್ಟೆ. ಕುರಿಯ ಬದಲು ಹಕ್ಕಿ, ಉಳಿದಂತೆ ನನ್ನದೇ ಪ್ರಶ್ನೆ. ಅದೇ ಐದು! ನಾನು ಸಿಮ್, ಸರ್ವರ್, ಟವರ್ ಎಲ್ಲ ಹಾಕಿ ಸೋತ ಲೆಕ್ಕಕ್ಕೆ ಅವರು ಕೊಟ್ಟ ಉತ್ತರ ಅಂಗೈಯಗಲದ ಚೀಟಿಯಲ್ಲಿ ಬರೆದುಬಿಡಬಹುದಾದಷ್ಟು ಚಿಕ್ಕದು.

ಹೇಳ್ತೀನಿ ಕೇಳಿ. ನಮ್ಮ ಕುರಿಗಳನ್ನೇ ಇಟ್ಟುಕೊಂಡು ಹೇಳ್ತೀನಿ. ಪ್ರತಿ ಪಟ್ಟಿಯಲ್ಲಿ ಒಂದೇ ಒಂದು ಅಂಕಿ ಇರುತ್ತೆ, ಸೊನ್ನೆಯಿಂದ ಐದರವರೆಗೆ. ಶುರುವಿನಲ್ಲಿ ಜ್ವರ ಇರೋ ಕುರಿಯ ಪಟ್ಟಿಯಲ್ಲಿ ಒಂದು, ಇಲ್ಲದ ಕುರಿಯ ಪಟ್ಟಿಯಲ್ಲಿ ಸೊನ್ನೆ. ಎರಡು ಕುರಿ ಹತ್ತಿರ ಬಂದಾಗ ಅವುಗಳ ಅಂಕಿ ಕೂಡ್ತವೆ. ಮೊತ್ತ ಐದಕ್ಕಿಂತ ಕಡಿಮೆ ಇದ್ರೆ ಒಂದು ಕುರಿ ಇಡೀ ಮೊತ್ತ ಇಟ್ಟುಕೊಳ್ಳುತ್ತೆ, ಇನ್ನೊಂದು ಸೊನ್ನೆ ಆಗುತ್ತೆ. ಎರಡು ಮತ್ತು ಒಂದು ಭೇಟಿಯಾದ್ರೆ, ಒಂದರ ಬಳಿ ಮೂರು, ಇನ್ನೊಂದರ ಬಳಿ ಸೊನ್ನೆ. ಮೊತ್ತ ಐದು ಅಥವಾ ಅದಕ್ಕಿಂತ ಜಾಸ್ತಿ ಆದ್ರೆ ಇಬ್ಬರೂ ಐದು. ಆಮೇಲೆ ಐದನ್ನ ಮುಟ್ಟಿದವರೆಲ್ಲ ಐದು. ಮುಗೀತು, ಇಷ್ಟೇ ನಿಯಮ.

ಇದು ಯಾಕೆ ಸರಿ? ಐದು ಬರೋವರೆಗೂ ಒಟ್ಟು ಮೊತ್ತ ಬದಲಾಗಲ್ಲ. ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ದುಡ್ಡು ಹಾಕಿದ ಹಾಗೆ. ನಾಲ್ಕೇ ಕುರಿಗೆ ಜ್ವರ ಇದ್ರೆ, ಎಷ್ಟೇ ಓಡಾಡಿದ್ರೂ ಕೊನೆಗೆ ಒಂದು ಜೇಬಿನಲ್ಲಿ ನಾಲ್ಕು ಸೇರುತ್ತೆ, ಉಳಿದವೆಲ್ಲ ಸೊನ್ನೆ. ಐದು ಹುಟ್ಟೋದೇ ಇಲ್ಲ. ಐದಕ್ಕೆ ಜ್ವರ ಇದ್ರೆ ಇವತ್ತಲ್ಲ ನಾಳೆ ಐದು ಹುಟ್ಟಲೇಬೇಕು, ಹುಟ್ಟಿದ ಮೇಲೆ ಊರಿಗೆಲ್ಲ ಹಬ್ಬುತ್ತೆ.

ಪ್ರತಿ ಪಟ್ಟಿಯೂ ನೆನಪಿಡಬೇಕಾದ್ದು ಆರು ಸ್ಥಿತಿ ಮಾತ್ರ. ಮೂರು ಬಿಟ್ ಸಾಕು. ಮಂದೆಯಲ್ಲಿ ಇನ್ನೂರು ಕುರಿ ಇದ್ರೂ ಮೂರು ಬಿಟ್, ಎರಡು ಲಕ್ಷ ಇದ್ರೂ ಮೂರೇ ಬಿಟ್. ಪಟ್ಟಿಗೆ ನಂಬರ್ ಬೇಡ. ಅಸಲಿಗೆ ನಂಬರ್ ಬರೆದುಕೊಳ್ಳೋಕೆ ಅದರಲ್ಲಿ ಜಾಗವೇ ಇಲ್ಲ. ಟವರ್ ಬೇಡ. ಸಾಯಂಕಾಲ ಕುರಿಗಾಹಿ ಕೈಯಲ್ಲಿ ಒಂದು ಪಟ್ಟಿ ಹಿಡಿದು ಮಂದೆ ನಡುವೆ ಓಡಾಡಿದ್ರೆ ಸಾಕು, ಐದು ಹಬ್ಬಿದ್ರೆ ಅವನ ಪಟ್ಟಿಗೂ ಬರುತ್ತೆ.

ಅವರ ಎರಡನೇ ಉದಾಹರಣೆ ಇನ್ನೂ ಚೆಂದ. ‘ಐದು ಹಕ್ಕಿ’ ಬದಲು ‘ನೂರಕ್ಕೆ ಐದು ಹಕ್ಕಿ’ ಅಂತ ಕೇಳಿದ್ರೆ? ಹಿಂಡಿನಲ್ಲಿ ಒಟ್ಟು ಎಷ್ಟಿವೆ ಅನ್ನೋದೇ ಯಾರಿಗೂ ಗೊತ್ತಿಲ್ಲ, ಶೇಕಡಾ ಲೆಕ್ಕ ಹೇಗೆ ಮಾಡೋದು? ಸಾಲ ತೀರಿಸೋ ಥರ ಮಾಡಬಹುದು. ನೂರಕ್ಕೆ ಐದು ಅಂದ್ರೆ ಇಪ್ಪತ್ತಕ್ಕೆ ಒಂದು. ಅಂದ್ರೆ ಜ್ವರ ಬಂದ ಒಂದಕ್ಕೆ ಆರೋಗ್ಯವಾಗಿರೋದು ಹತ್ತೊಂಬತ್ತು. ಜ್ವರ ಬಂದ ಪ್ರತಿ ಹಕ್ಕಿಗೆ ಹತ್ತೊಂಬತ್ತು ರೂಪಾಯಿ ಕೊಡಿ, ಉಳಿದ ಪ್ರತಿ ಹಕ್ಕಿಗೆ ಒಂದು ರೂಪಾಯಿ ಸಾಲ ಹೊರಿಸಿ. ಎದುರಾದಾಗೆಲ್ಲ ದುಡ್ಡಿನಿಂದ ಸಾಲ ತೀರಿಸ್ತಾ ಹೋಗಲಿ. ಕೊನೆಗೆ ಸಾಲ ಉಳಿದ್ರೆ ಜ್ವರ ಶೇಕಡಾ ಐದಕ್ಕಿಂತ ಕಡಿಮೆ. ಎಲ್ಲ ಸಾಲ ತೀರಿದ್ರೆ ಶೇಕಡಾ ಐದು ಅಥವಾ ಹೆಚ್ಚು. ಒಟ್ಟು ಎಣಿಸದೆಯೇ ಶೇಕಡಾ ಲೆಕ್ಕ ಸಿಕ್ಕಿತು.

ತಾನಾಗಿ ಹೋಗೋದಲ್ಲ, ಹೊತ್ತೊಯ್ಯೋದು

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಈ ಯಂತ್ರಗಳು ಲೆಕ್ಕ ಮಾಡೋಕೆ ಅಂತ ಓಡಾಡಲ್ಲ. ಹಕ್ಕಿ ಹಾರೋದು ಕಾಳಿಗೆ, ಕುರಿ ನಡೆಯೋದು ಹುಲ್ಲಿಗೆ. ಯಂತ್ರ ಸುಮ್ಮನೆ ಬೆನ್ನಮೇಲೆ ಕೂತಿರುತ್ತೆ.

ಇದು ಬರೀ ಕಾಗದದ ಮೇಲಿನ ಕಲ್ಪನೆ ಅಂದ್ಕೋಬೇಡಿ. ಅದೇ ಕಾಲಕ್ಕೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಕೀನ್ಯಾದಲ್ಲಿ ಜೀಬ್ರಾಗಳ ಕೊರಳಿಗೆ ಪಟ್ಟಿ ಕಟ್ಟಿದ್ರು, ಜೀಬ್ರಾನೆಟ್ ಅಂತ ಅದರ ಹೆಸರು. ಎರಡು ಜೀಬ್ರಾ ಹತ್ತಿರ ಬಂದಾಗ ಒಂದರ ಮಾಹಿತಿ ಇನ್ನೊಂದಕ್ಕೆ ದಾಟುತ್ತಿತ್ತು. ಸಂಶೋಧಕರಿಗೆ ಒಂದು ಜೀಬ್ರಾ ಸಿಕ್ಕಿದ್ರೂ ಹಲವು ಜೀಬ್ರಾಗಳ ಸುದ್ದಿ ಸಿಗುತ್ತಿತ್ತು.

ನಮ್ಮಲ್ಲೂ ಇಂಥದ್ದೊಂದು ನಡೆದಿದೆ. 2000ದ ದಶಕದ ಮೊದಲ ವರ್ಷಗಳಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಡಾಕ್‌ನೆಟ್ ಅನ್ನೋ ಪ್ರಯೋಗ ಮಾಡಿದ್ರು. ಸರ್ಕಾರಿ ಬಸ್ಸಿನಲ್ಲಿ ಒಂದು ವೈಫೈ ಪೆಟ್ಟಿಗೆ. ಬಸ್ಸು ಹಳ್ಳಿಗೆ ಬಂದಾಗ ಅಲ್ಲಿನ ಕಿಯೋಸ್ಕ್‌ನಿಂದ ಭೂಮಿ ಯೋಜನೆಯ ಪಹಣಿ ಕೋರಿಕೆಗಳನ್ನ ಎತ್ತಿಕೊಳ್ಳೋದು, ತಾಲ್ಲೂಕು ಕೇಂದ್ರ ಮುಟ್ಟಿದಾಗ ಇಳಿಸೋದು. ಬಸ್ಸು ಹೊರಟಿದ್ದು ಪ್ರಯಾಣಿಕರಿಗಾಗಿ, ಸುದ್ದಿ ಜತೆಗೆ ಹೋಯ್ತು. ಬಸ್ಸಿನ ಪೆಟ್ಟಿಗೆ ಕುರಿ ಪಟ್ಟಿಗಿಂತ ಬಹಳ ದೊಡ್ಡ ಯಂತ್ರ, ನಿಜ. ಆದ್ರೆ ತಾನು ಎಲ್ಲಿ, ಯಾವಾಗ ಹೋಗಬೇಕು ಅನ್ನೋದು ಅದರ ಕೈಯಲ್ಲೂ ಇರಲಿಲ್ಲ.

ಹಾಗಾದ್ರೆ ಭೇಟಿಗಳಿಗೆ ಏನಾದರೂ ಷರತ್ತು ಬೇಕಲ್ಲ? ಬೇಕು. ಒಂದು ಕುರಿ ಯಾರ ಹತ್ತಿರವೂ ಹೋಗದೆ ಮೂಲೆಯಲ್ಲೇ ನಿಂತುಬಿಟ್ರೆ ಅದರ ಜೇಬಿನ ಒಂದು ಲೆಕ್ಕಕ್ಕೆ ಸೇರೋದೇ ಇಲ್ಲ. ಅದಕ್ಕೇ ಈ ಮಾದರಿ ನ್ಯಾಯದ ಒಂದು ಷರತ್ತು ಹಾಕುತ್ತೆ. ನಡೆಯಬಹುದಾದದ್ದಕ್ಕೆ ಮತ್ತೆ ಮತ್ತೆ ಅವಕಾಶ ಸಿಗ್ತಾ ಇದ್ರೆ, ಅದು ಎಂದಾದರೂ ಒಮ್ಮೆ ನಡೆದೇ ನಡೆಯುತ್ತೆ. ಯಾವಾಗ ಅಂತ ಮಾತ್ರ ಹೇಳಲ್ಲ.

ಎಷ್ಟು ದೂರ ಹೋಗಬಹುದು?

ಇಂಥ ಬಡ ಯಂತ್ರಗಳಿಂದ ಏನೆಲ್ಲ ಲೆಕ್ಕ ಸಾಧ್ಯ ಅನ್ನೋದಕ್ಕೂ ಸ್ಪಷ್ಟ ಉತ್ತರ ಇದೆ. 2006ರಲ್ಲಿ ಆಂಗ್ಲುಯಿನ್, ಆಸ್ಪ್ನೆಸ್ ಮತ್ತು ಡೇವಿಡ್ ಐಸೆನ್‌ಸ್ಟಾಟ್ ಆ ಗಡಿಯನ್ನ ಕರಾರುವಾಕ್ಕಾಗಿ ತೋರಿಸಿದ್ರು. ಕೂಡಬಹುದು, ಹೋಲಿಸಬಹುದು, ಭಾಗಿಸಿದಾಗ ಶೇಷ ಎಷ್ಟು ಅಂತ ನೋಡಬಹುದು. ಸಮವೋ ಬೆಸವೋ ಹೇಳಬಹುದು. ಟಗರು ಜಾಸ್ತಿಯೋ ಹೆಣ್ಣು ಕುರಿ ಜಾಸ್ತಿಯೋ ಹೇಳಬಹುದು. ಆದ್ರೆ ಒಂದು ಲೆಕ್ಕವನ್ನ ಇನ್ನೊಂದರಿಂದ ಗುಣಿಸೋಕೆ ಆಗಲ್ಲ. ಟಗರಿನ ಸಂಖ್ಯೆ, ಹೆಣ್ಣು ಕುರಿಯ ಸಂಖ್ಯೆ ಗುಣಿಸಿದ್ರೆ ಮರಿಗಳ ಸಂಖ್ಯೆ ಬರುತ್ತಾ ಅಂತ ಕೇಳಿದ್ರೆ ಅದಕ್ಕೆ ಉತ್ತರಿಸೋ ನಿಯಮ ಯಾರಿಗೂ ಬರೆಯೋಕೆ ಆಗಲ್ಲ. ಮಂದೆ ಎಷ್ಟು ದೊಡ್ಡದಿದ್ರೂ ಅಷ್ಟೇ.

ಗುಣಾಕಾರ ಇಲ್ಲದ ಈ ಗಣಿತವನ್ನ 1929ರಲ್ಲೇ ಪೋಲೆಂಡಿನ ಒಬ್ಬ ವಿದ್ಯಾರ್ಥಿ, ಮೊಯ್ಜೆಶ್ ಪ್ರೆಸ್‌ಬರ್ಗರ್, ವಾರ್ಸಾದಲ್ಲಿ ಅಧ್ಯಯನ ಮಾಡಿ ಒಂದು ಪ್ರಬಂಧ ಬರೆದಿದ್ದ. ಯಹೂದಿಯಾಗಿದ್ದ ಅವನು ನಾಜಿಗಳ ನರಮೇಧದಲ್ಲಿ ಸತ್ತುಹೋದ. ಮುಕ್ಕಾಲು ಶತಮಾನದ ನಂತರ ಹಕ್ಕಿ ಹಿಂಡಿನ ಲೆಕ್ಕದ ಗಡಿ ಹುಡುಕಿದವರಿಗೆ ಸಿಕ್ಕಿದ್ದು ಅವನು ಹಾಕಿಟ್ಟ ಗೆರೆ.

ಪ್ರಕೃತಿಯೂ ಇಂಥ ಲೆಕ್ಕ ಮಾಡುತ್ತೆ. ಎರಡು ಪಕ್ಷದಲ್ಲಿ ಬಹುಮತ ಯಾರದು ಅಂತ ತಿಳಿಯೋಕೆ ಮೂರೇ ಸ್ಥಿತಿಯ ಒಂದು ನಿಯಮ ಇದೆ: ಈ ಪಕ್ಷ, ಆ ಪಕ್ಷ, ಖಾಲಿ. ಎದುರಾಳಿಯನ್ನ ಭೇಟಿಯಾದವನು ಖಾಲಿ ಆಗ್ತಾನೆ, ಖಾಲಿ ಇದ್ದವನು ಯಾರನ್ನ ಭೇಟಿಯಾಗ್ತಾನೋ ಅವರ ಪಕ್ಷ ಸೇರ್ತಾನೆ. ಶುರುವಿನಲ್ಲಿ ಎರಡು ಪಕ್ಷಗಳ ಅಂತರ ತಕ್ಕಮಟ್ಟಿಗೆ ಇದ್ರೆ ಇದು ಬಹಳ ಬೇಗ, ಹೆಚ್ಚೂಕಡಿಮೆ ಯಾವಾಗಲೂ ಸರಿಯಾದ ಉತ್ತರವನ್ನೇ ಕೊಡುತ್ತೆ. ಜೀವಕೋಶ ಇಬ್ಭಾಗ ಆಗೋ ಹಂತಕ್ಕೆ ಹೋಗಬೇಕೋ ಬೇಡವೋ ಅಂತ ನಿರ್ಧರಿಸೋ ರಾಸಾಯನಿಕ ಸ್ವಿಚ್ಚು ಇದೇ ಲೆಕ್ಕ ಮಾಡುತ್ತೆ ಅಂತ ಲೂಕಾ ಕಾರ್ಡೆಲ್ಲಿ ಮತ್ತು ಆಟಿಲಾ ಚಿಕಾಸ್-ನಾಜ್ 2012ರಲ್ಲಿ ತೋರಿಸಿದ್ರು. ಅಣುಗಳಿಗೂ ಹೆಸರಿಲ್ಲ, ನೆನಪಿಲ್ಲ. ಡಿಕ್ಕಿ ಹೊಡೆಯೋದಷ್ಟೇ ಗೊತ್ತು.

‘ಸಾರ್, ಯಾವಾಗ ನಿಲ್ಲಿಸ್ಬೇಕು?’

ಇಷ್ಟು ಓದಿ ನನಗೆ ಖುಷಿಯೋ ಖುಷಿ. ತರಗತಿಯಲ್ಲಿ ಆಟ ಆಡಿಸಿದೆ. ಮೂವತ್ತು ಮಕ್ಕಳು, ಒಬ್ಬೊಬ್ಬರ ಕೈಯಲ್ಲಿ ಒಂದು ಚೀಟಿ, ಅದರಲ್ಲಿ ಸೊನ್ನೆ ಅಥವಾ ಒಂದು. ಯಾರ ಚೀಟಿಯಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ಬೆಂಚು ಸರಿಸಿ, ಸುಮ್ಮನೆ ಓಡಾಡಿ, ಎದುರಾದಾಗ ನಿಯಮದಂತೆ ಚೀಟಿ ತಿದ್ದಿ ಅಂದೆ. ಗಲಾಟೆ, ನಗು. ಐದು ನಿಮಿಷ ಆಯ್ತು. ಯಾರ ಹತ್ತಿರವೂ ಐದು ಬಂದಿರಲಿಲ್ಲ.

ಆಗ ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು: ‘ಸಾರ್, ಯಾವಾಗ ನಿಲ್ಲಿಸ್ಬೇಕು?’

‘ಐದು ಬರಲಿಲ್ಲ ಅಂದ್ರೆ ಇಲ್ಲ ಅಂತ ಉತ್ತರ. ನಿಲ್ಲಿಸಿ’ ಅಂತ ಹೇಳೋಕೆ ಬಾಯಿ ತೆರೆದೆ. ಹೇಳಲಿಲ್ಲ. ಚೀಟಿಗಳನ್ನ ವಾಪಸ್ ತರಿಸಿಕೊಂಡು ನೋಡಿದೆ. ಒಬ್ಬನ ಹತ್ತಿರ ನಾಲ್ಕಿತ್ತು. ಕಿಟಕಿ ಪಕ್ಕ ಸುಮ್ಮನೆ ನಿಂತಿದ್ದ ಇನ್ನೊಬ್ಬನ ಹತ್ತಿರ ಒಂದಿತ್ತು. ಅವರಿಬ್ಬರೂ ಭೇಟಿ ಆಗಿರಲಿಲ್ಲ. ನಿಜವಾದ ಉತ್ತರ ಹೌದು. ಇನ್ನೊಂದು ಭೇಟಿ ಬಾಕಿ ಇತ್ತು.

ನನಗೆ ಚಳ್ಳಕೆರೆಯ ಆ ಸಾಯಂಕಾಲ ನೆನಪಾಯ್ತು.

ಈ ಮಾದರಿಯ ಅತಿ ಮುಖ್ಯ ಗುಣ ಇದು. ಉತ್ತರ ಒಂದು ಹಂತದಲ್ಲಿ ನೆಲೆ ನಿಲ್ಲುತ್ತೆ, ಆಮೇಲೆ ಬದಲಾಗಲ್ಲ. ಆದ್ರೆ ನೆಲೆ ನಿಂತಿದೆ ಅಂತ ಯಾವ ಯಂತ್ರಕ್ಕೂ ಗೊತ್ತಾಗಲ್ಲ. ಮೂರು ಬಿಟ್‌ನಲ್ಲಿ ‘ನಾನು ಎಲ್ಲರನ್ನೂ ಭೇಟಿ ಮಾಡಿದ್ದೀನಾ’ ಅಂತ ನೆನಪಿಡೋಕೆ ಆಗಲ್ಲ. ಒಟ್ಟು ಎಷ್ಟು ಜನ ಅನ್ನೋದೇ ಗೊತ್ತಿಲ್ಲವಲ್ಲ!

ನಮ್ಮ ಐದರ ಆಟದಲ್ಲಿ ‘ಹೌದು’ ಮತ್ತು ‘ಇಲ್ಲ’ ಎರಡೂ ಒಂದೇ ತೂಕದ ಮಾತಲ್ಲ. ಯಂತ್ರಗಳು ಕೆಟ್ಟಿಲ್ಲ, ಶುರುವಿನ ಅಳತೆ ಸರಿಯಿದೆ ಅಂದ್ರೆ, ‘ಹೌದು’ ಬಂದ ಕ್ಷಣ ಅದನ್ನ ನಂಬಬಹುದು. ಐದು ಸುಮ್ಮನೆ ಹುಟ್ಟಲ್ಲ. ಆದ್ರೆ ‘ಇಲ್ಲ’ ಅನ್ನೋದರ ಅರ್ಥ ಯಾವಾಗಲೂ ‘ಇನ್ನೂ ಇಲ್ಲ’ ಅಂತಲೇ. ನಾನು ಹಸಿರು ಚುಕ್ಕೆ ಕೊಟ್ಟಿದ್ದು ಈ ‘ಇನ್ನೂ ಇಲ್ಲ’ಕ್ಕೆ. ಅದನ್ನ ‘ಎಲ್ಲ ಚೆನ್ನಾಗಿದೆ’ ಅಂತ ಓದಿ ಹೇಳಿದ್ದೂ ನಾನೇ.

ಇದಕ್ಕೆ ಸಂಖ್ಯೆಯ ಲೆಕ್ಕವೂ ಕೊಡಬಹುದು. ಇನ್ನೂರು ಕುರಿಗಳಲ್ಲಿ ಪ್ರತಿ ಸಲವೂ ಯಾವುದೋ ಎರಡು, ಲಾಟರಿ ಎತ್ತಿದ ಹಾಗೆ, ಭೇಟಿ ಆಗ್ತವೆ ಅಂತಿಟ್ಟುಕೊಳ್ಳಿ. ಒಂದು ಕುರಿಯ ಹತ್ತಿರ ಐದು ಹುಟ್ಟಿದ ಮೇಲೆ ಅದು ಇಡೀ ಮಂದೆಗೆ ಹಬ್ಬೋಕೆ ಸರಾಸರಿ 1,170ರ ಆಸುಪಾಸು ಭೇಟಿ ಸಾಕು. ಆದ್ರೆ ನಾಲ್ಕು ಇಟ್ಟುಕೊಂಡಿರೋ ಒಂದು ನಿರ್ದಿಷ್ಟ ಕುರಿ, ಒಂದು ಇಟ್ಟುಕೊಂಡಿರೋ ಇನ್ನೊಂದು ನಿರ್ದಿಷ್ಟ ಕುರಿಗೆ ಸಿಗೋಕೆ ಸರಾಸರಿ 19,900 ಭೇಟಿ ಬೇಕು. ಇನ್ನೂರು ಕುರಿಗಳಲ್ಲಿ ಇರೋ ಜೋಡಿಗಳೇ ಅಷ್ಟು. ಸುದ್ದಿ ಹಬ್ಬೋದು ಬೇಗ, ಸುದ್ದಿ ಕಲೆಹಾಕೋದು ನಿಧಾನ. ಹದಿನೇಳು ಪಟ್ಟು ವ್ಯತ್ಯಾಸ. ಆ ನಿಧಾನದ ಹೊತ್ತಿನಲ್ಲಿ ಪರದೆ ನೋಡಿದವನಿಗೆ ಕಾಣೋದು ಮೌನ ಮಾತ್ರ.

ಹಕ್ಕಿಗಳು ಸತ್ತಾಗ

ಇನ್ನೊಂದು ಕಷ್ಟ ಇದೆ. ನಾಲ್ಕು ಹೊತ್ತಿರೋ ಕುರಿಯೇ ಸತ್ತುಹೋದ್ರೆ? ಅಥವಾ ಅದರ ಬ್ಯಾಟರಿ ಮುಗಿದ್ರೆ? ನಾಲ್ಕು ಕುರಿಗಳ ಜ್ವರದ ಸುದ್ದಿ ಅದರ ಜತೆಗೇ ಹೋಯ್ತು. ಮೊತ್ತ ಬದಲಾಗಲ್ಲ ಅಂತ ಹೇಳಿದ್ನಲ್ಲ, ಅದು ಯಾರೂ ಸಾಯದಿದ್ರೆ ಮಾತ್ರ. ರೋಗ ಹುಡುಕೋ ಯಂತ್ರವನ್ನ ರೋಗಿಯ ಮೇಲೇ ಕಟ್ಟಿದ್ರೆ, ಸುದ್ದಿ ಬೇಕಾದಾಗಲೇ ಸುದ್ದಿ ಕಳೆದುಹೋಗೋ ಸಾಧ್ಯತೆ ಜಾಸ್ತಿ.

2006ರಲ್ಲಿ ಕರೋಲ್ ಡೆಲ್‌ಪೋರ್ಟ್-ಗಾಲೆ ಮತ್ತು ಜತೆಗಾರರು ಇದರ ಬಗ್ಗೆಯೇ ಒಂದು ಪ್ರಬಂಧ ಬರೆದ್ರು. ಶೀರ್ಷಿಕೆಯನ್ನ ಕನ್ನಡಕ್ಕೆ ತಂದ್ರೆ ‘ಹಕ್ಕಿಗಳು ಸತ್ತಾಗ’ ಅಂತ ಶುರುವಾಗುತ್ತೆ. ಇಂತಿಷ್ಟಕ್ಕಿಂತ ಹೆಚ್ಚು ಯಂತ್ರ ಕೆಡಲ್ಲ ಅಂತ ಮೊದಲೇ ಗೊತ್ತಿದ್ರೆ, ಉತ್ತರದ ಗಡಿಯಲ್ಲಿ ಸ್ವಲ್ಪ ಸಡಿಲ ಬಿಟ್ರೆ, ಲೆಕ್ಕವನ್ನ ಉಳಿಸಿಕೊಳ್ಳೋ ದಾರಿ ಇದೆ ಅಂತ ಅವರು ತೋರಿಸಿದ್ರು. ನನ್ನ ನಲವತ್ತರಲ್ಲಿ ಮೂವತ್ತೊಂದು ಸತ್ತಿದ್ದವು. ಅಷ್ಟನ್ನ ತಡೆಯೋ ನಿಯಮ ಯಾವುದೂ ಇಲ್ಲ.

ಇಲ್ಲೊಂದು ಕಾಕತಾಳೀಯ ಹೇಳಿಬಿಡ್ತೀನಿ. ಹಕ್ಕಿ ಹಿಂಡಿನ ಪ್ರಬಂಧ ಬರೆದ ಐವರಲ್ಲಿ ಮೈಕೆಲ್ ಫಿಶರ್ ಇದ್ದಾರಲ್ಲ, ಅವರು 1985ರಲ್ಲಿ ನ್ಯಾನ್ಸಿ ಲಿಂಚ್, ಮೈಕೆಲ್ ಪ್ಯಾಟರ್‌ಸನ್ ಜತೆ ಇನ್ನೊಂದು ಹೆಸರುವಾಸಿ ಫಲಿತಾಂಶ ಪ್ರಕಟಿಸಿದವರು. ಸುದ್ದಿ ತಲುಪೋಕೆ ಎಷ್ಟು ಹೊತ್ತು ಬೇಕು ಅನ್ನೋ ಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಕೆಡಬಹುದು ಅಂದ್ರೂ ಸಾಕು, ಎಲ್ಲರೂ ಒಂದು ತೀರ್ಮಾನಕ್ಕೆ ಬಂದೇ ಬರ್ತಾರೆ ಅಂತ ಖಾತ್ರಿ ಕೊಡೋ ನಿಶ್ಚಿತ ವಿಧಾನ ಇಲ್ಲ. ಅದರ ಬೇರಿನಲ್ಲಿರೋ ತೊಂದರೆ ಬಹಳ ಸರಳ: ಉತ್ತರ ಕೊಡದೆ ಇರೋದು ನಿಧಾನ ಆಗಿದೆಯೋ ಸತ್ತಿದೆಯೋ ಹೊರಗಿನಿಂದ ಹೇಳೋಕೆ ಆಗಲ್ಲ. ನನ್ನ ಕಂಪನಿಯಲ್ಲಿ ದೊಡ್ಡ ದೊಡ್ಡ ಸರ್ವರ್ ಇದ್ದವು. ಆದ್ರೆ ಈ ಒಂದು ವಿಷಯದಲ್ಲಿ ಅವಕ್ಕೂ ಮೂರು ಬಿಟ್‌ನ ಪಟ್ಟಿಗೂ ಏನೂ ವ್ಯತ್ಯಾಸ ಇರಲಿಲ್ಲ.

ಬೂದು ಬಣ್ಣ

ಈಗ ಯಾರಾದರೂ ನನ್ನ ಹತ್ತಿರ ಇಂಥ ಯೋಜನೆ ತಂದ್ರೆ ಮೂರು ಮಾತು ಹೇಳ್ತೀನಿ. ಜಮೀನಿನ ತೇವ ಅಳೆಯೋದಿರಲಿ, ಕಾಡಿನ ಬೆಂಕಿ ಹುಡುಕೋದಿರಲಿ, ಇದೇ ಮೂರು.

ಒಂದು, ಪ್ರಶ್ನೆ ಎಷ್ಟು ಚಿಕ್ಕದೋ ಯಂತ್ರವೂ ಅಷ್ಟೇ ಚಿಕ್ಕದಿರಲಿ. ಐದಕ್ಕೆ ಜ್ವರ ಇದೆಯಾ ಅಂತ ಕೇಳೋಕೆ ಪ್ರತಿ ಕುರಿಗೂ ಒಂದು ಸಿಮ್ ಬೇಕಾಗಿರಲಿಲ್ಲ. ನಾನು ತುಂಬಿದ ಸವಲತ್ತೇ ಬ್ಯಾಟರಿಯನ್ನ ತಿಂದಿತು.

ಎರಡು, ಪರದೆಯಲ್ಲಿ ಮೂರನೇ ಬಣ್ಣ ಇರಲಿ. ಕೆಂಪು ಅಂದ್ರೆ ಹೌದು. ಅದಿಲ್ಲದಾಗ ಬೂದು, ಪಕ್ಕದಲ್ಲೇ ಕೊನೆಯ ಸುದ್ದಿ ಯಾವಾಗ ಬಂತು, ಎಷ್ಟು ಪಟ್ಟಿಗಳಿಂದ ಬಂತು ಅಂತ ಬರೀರಿ. ಹಸಿರು ಕೊಡಬೇಕು ಅಂದ್ರೆ ಅದಕ್ಕೆ ತಕ್ಕ ಕಾರಣ ಬೇಕು: ಸಾಕಷ್ಟು ಪಟ್ಟಿಗಳು ಬದುಕಿವೆ, ಸಾಕಷ್ಟು ಸಲ ಭೇಟಿಯಾಗಿವೆ ಅಂತ ಬೇರೆ ದಾರಿಯಿಂದ ಗೊತ್ತಿರಬೇಕು.

ಮೂರು, ಸ್ಥಳದಲ್ಲಿರೋ ಮನುಷ್ಯನ ಕಣ್ಣಿಗಿಂತ ನಿಮ್ಮ ಮೌನಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ಹೋದ ವರ್ಷ ಚಳ್ಳಕೆರೆ ಕಡೆ ಹೋಗಿದ್ದೆ. ಹಿರಿಯರು ಇದ್ದಾರೆ, ಮಂದೆ ಈಗ ಮಗ ನೋಡಿಕೊಳ್ತಾನೆ. ರೊಪ್ಪದ ಬಾಗಿಲಲ್ಲಿ ಕೂತಿದ್ರು. ಕುರಿ ಒಳಗೆ ಹೋಗ್ತಾ ಇದ್ವು. ಮಾತಾಡ್ತಾ ನಾನು ಬೂದು ಬಣ್ಣದ ವಿಷಯ ಹೇಳಿದೆ. ಸುದ್ದಿ ಬರದಿದ್ರೆ ಗೊತ್ತಿಲ್ಲ ಅಂತ ತೋರಿಸಬೇಕಿತ್ತು ಯಜಮಾನ್ರೇ, ನಾನು ಚೆನ್ನಾಗಿದೆ ಅಂತ ತೋರಿಸಿದೆ ಅಂದೆ. ಅವರು ಬಾಗಿಲ ಮೇಲಿನ ಕಣ್ಣು ತೆಗೀದೇ ಹೇಳಿದ್ರು: ‘ಅದ್ಕೇ ಸಾಮಿ, ನಾನು ಒಳಿಕ್ಕೆ ಹೋದ್ವನ್ನ ನೋಡಾಕಿಲ್ಲ. ಯಾವ್ದು ಬಂದಿಲ್ಲ ಅಂತ ನೋಡ್ತೀನಿ.’ ಆಮೇಲೆ ಮಗನನ್ನ ಕೂಗಿ, ಕುಂಟೋ ಕಪ್ಪು ಕುರಿ ಇನ್ನೂ ಬಂದಿಲ್ಲ, ಹಳ್ಳದ ಕಡೆ ನೋಡು ಅಂತ ಕಳಿಸಿದ್ರು.

ಕಪ್ಪು ಕುರಿ ಹಳ್ಳದ ಹತ್ತಿರವೇ ಸಿಕ್ಕಿತು.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲಿ ಮಕ್ಕಳಿದ್ರೆ ಚೀಟಿಯ ಆಟ ಆಡಿ ನೋಡಿ, ಹದಿನೈದು ಜನ ಇದ್ರೆ ಸಾಕು. ಯಾರಾದರೂ ‘ಯಾವಾಗ ನಿಲ್ಲಿಸ್ಬೇಕು’ ಅಂತ ಕೇಳಿದ್ರೆ, ಅವರಿಗೆ ವಿಷಯ ಅರ್ಥ ಆಗ್ತಾ ಇದೆ ಅಂತ ತಿಳ್ಕೊಳ್ಳಿ.